ಕಣಕಟ್ಟೆ ಗೋಡೌನಿನ ಡ್ಯಾನ್ಸ್ ಮೆಷಿನ್

ನಾನು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವನು. ಮನೇಲಿ ದೆವ್ವ ಇದೆ, ಲೈಟು ತಾನಾಗೇ ಹತ್ತುತ್ತೆ ಎಂದು ಯಾರಾದರೂ ಬಂದರೆ, "ಅರ್ತಿಂಗ್ ಸರಿಯಿಲ್ಲ, ನೋಡಿಸಿ" ಎಂದು ನಕ್ಕು ಕಳಿಸುತ್ತಿದ್ದೆ. ಅಂಥವನು ಹೇಳುತ್ತಿದ್ದೇನೆ ಅಂತಲಾದರೂ ನಂಬಿ. ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ. ಕಟ್ಟಿದ್ದಾಗಿದ್ದರೆ ನನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ.

ಮನೆಮನೆಗೂ ಕಂಪ್ಯೂಟರ್ ಬರುತ್ತಿದ್ದ ಕಾಲ. ಕಣಕಟ್ಟೆಯ ಕೊಬ್ಬರಿ ವ್ಯಾಪಾರಿ ಚನ್ನಬಸಪ್ಪನವರು ಒಂದು ಭಾನುವಾರ ಅರಸೀಕೆರೆಯ ನನ್ನ ಮನೆಗೆ ಬಂದು ಕೈ ಹಿಡಿದುಕೊಂಡರು. ಅವರಿಗೆ ಒಬ್ಬಳೇ ಮಗಳು ಕಾವ್ಯ, ಹನ್ನೊಂದು ವರ್ಷದ ಹುಡುಗಿ. ಹಿಂದಿನ ವರ್ಷ ಬಂದ ಜ್ವರ ಅವಳ ಎರಡೂ ಕಾಲಿನ ಶಕ್ತಿಯನ್ನು ಹೊತ್ತುಕೊಂಡು ಹೋಗಿತ್ತು. ಎಡಗಾಲಿನ ಹೆಬ್ಬೆರಳು ಮಾತ್ರ ಕೊಂಚ ಅಲುಗುತ್ತಿತ್ತು. ಅದು ಅಲುಗುತ್ತಿರುವಾಗಲೇ ಆಪರೇಷನ್ ಆಗಬೇಕು, ತಡ ಮಾಡಬೇಡಿ ಎಂದು ಬೆಂಗಳೂರಿನ ಡಾಕ್ಟರು ದಿನವನ್ನೂ ಕೊಟ್ಟಿದ್ದರು. ಆದರೆ ಚನ್ನಬಸಪ್ಪನವರಿಗೆ ಆಪರೇಷನ್ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಅವರ ಹೆಂಡತಿ ಆಪರೇಷನ್ ಟೇಬಲ್ ಮೇಲೇ ಹೋಗಿದ್ದರು.

"ಅಲ್ಲೀಗಂಟ ಕಾಲು ಆಡಿಸ್ತಾ ಇರ್ಲಿ ಅಂದವ್ರೆ ಮೇಷ್ಟ್ರೇ. ಇವಳಿಗೋ ಡ್ಯಾನ್ಸ್ ಮೆಷಿನ್ನಿನ ಹುಚ್ಚು. ಜ್ವರ ಬರಾಕ್ ಮುಂಚೆ ಬೆಂಗ್ಳೂರಲ್ಲಿ ಒಂದ್ಸಲ ಕುಣಿದಿದ್ಲು. ಅಂಥದ್ದೇ ಒಂದು ತಂದಿವ್ನಿ. ಆದ್ರೆ ಸತ್ತೋಗೈತೆ ಅದು."

ಮುಚ್ಚಿಹೋದ ಗೇಮ್ ಸೆಂಟರಿನಿಂದ ಲಾರಿಯಲ್ಲಿ ತಂದ ಸರಕು. ಬೀರುವಿನಷ್ಟು ಎತ್ತರ, ಮುಂದೆ ಕಬ್ಬಿಣದ ಕಟ್ಟೆ. ಕಟ್ಟೆಯ ನಾಲ್ಕು ದಿಕ್ಕಿಗೂ ಬಾಣದ ಗುರುತಿನ ಹಲಗೆ. ಪರದೆಯ ಮೇಲೆ ಯಾವ ಬಾಣ ಬರುತ್ತದೋ ಆ ಹಲಗೆಯನ್ನು ಹಾಡಿನ ತಾಳಕ್ಕೆ ತುಳಿಯಬೇಕು. ಒಳಗಿನ ಬೋರ್ಡು ಸುಟ್ಟು ಕರಕಲಾಗಿತ್ತು.

ಅವರ ಮನೆಯಲ್ಲಿದ್ದ ಕಂಪ್ಯೂಟರನ್ನೇ ಅದರ ಹೊಟ್ಟೆಯಲ್ಲಿ ಕೂರಿಸೋಣ ಎಂದೆ. ಹಳೆಯ ಕೀಬೋರ್ಡ್ ಬಿಚ್ಚಿ, ಅದರ ಸಣ್ಣ ಬೋರ್ಡಿಗೆ ನಾಲ್ಕೂ ಹಲಗೆಗಳ ತಂತಿ ಬೆಸುಗೆ ಹಾಕಿದರೆ ಸಾಕು. ಹಲಗೆ ತುಳಿದರೆ ಕಂಪ್ಯೂಟರ್ ಅದನ್ನು ಕೀ ಒತ್ತಿದ್ದು ಎಂದು ತಿಳಿಯುತ್ತದೆ. ಹುಡುಗಿಯ ಕಾಲಲ್ಲಿ ಬಲವಿಲ್ಲವಲ್ಲ... ಅದಕ್ಕೇ ಮದುವೆ ಕಾಗದದ ರಟ್ಟು ಕತ್ತರಿಸಿ ಹಲಗೆಗಳ ಕೆಳಗೆ ಇಟ್ಟೆ. ಹೂವು ಬಿದ್ದರೂ ಸ್ವಿಚ್ ಮುಟ್ಟಬೇಕು, ಹಾಗೆ.

ಹಗಲು ಕರೆಂಟ್ ಇರುತ್ತಿರಲಿಲ್ಲ. ಹಾಗಾಗಿ ಕೆಲಸವೆಲ್ಲ ರಾತ್ರಿ, ಅವರ ಮನೆಯ ಹಿಂದಿನ ಕೊಬ್ಬರಿ ಗೋಡೌನಿನಲ್ಲಿ. ಮೂರನೆಯ ರಾತ್ರಿ ಒಂದು ಗಂಟೆಯ ಹೊತ್ತಿಗೆ ಬೆಸುಗೆ ಮುಗಿಯಿತು. ಪರೀಕ್ಷೆಗೆಂದು ಪರದೆಯ ಮೇಲೆ ನಾಲ್ಕು ಬಾಣ ಬರಿಸಿ, ಬೀಡಿ ಹಚ್ಚಿ ಮೂಟೆಗೆ ಒರಗಿದೆ.

ಎಡಗಡೆ ಬಾಣ ಹತ್ತಿತು.

ರಟ್ಟು ಹೆಚ್ಚಾಗಿದೆ ಎಂದುಕೊಂಡು ಹಲಗೆ ಎತ್ತಿ ರಟ್ಟು ತೆಗೆದೆ. ಮತ್ತೆ ಹತ್ತಿತು. ಈ ಸಲ ಸದ್ದೂ ಬಂತು... ಟಪ್. ಬರಿಗಾಲು ಊರಿದ ಸದ್ದು.

ಕಟ್ಟರ್ ತೆಗೆದುಕೊಂಡು ಎಡಹಲಗೆಯ ತಂತಿಯನ್ನೇ ಕತ್ತರಿಸಿದೆ. ಎರಡೂ ತುದಿಗೆ ಟೇಪ್ ಸುತ್ತಿದೆ. ಇನ್ನು ಅಪ್ಪನಾಣೆಗೂ ಅದು ಹತ್ತುವಂತಿಲ್ಲ.

ಟಪ್... ಹತ್ತಿತು. ಆಮೇಲೆ ಬಲ, ಮತ್ತೆ ಎಡ. ಹಲಗೆಗಳು ಕಣ್ಣೆದುರೇ ಕೂದಲೆಳೆಯಷ್ಟು ತಗ್ಗಿ ಏಳುತ್ತಿದ್ದವು. ತಾಳ ತಪ್ಪದ ಹೆಜ್ಜೆ. ಕೊಬ್ಬರಿಯ ಕಮಟು ವಾಸನೆಯ ನಡುವೆ ಲಕ್ಕಿಸೊಪ್ಪಿನ ಎಣ್ಣೆಯ ಕಹಿ ವಾಸನೆ ಮೂಗಿಗೆ ಅಡರಿತು. ಆ ಎಣ್ಣೆಯನ್ನು ಚನ್ನಬಸಪ್ಪನವರು ದಿನಾ ರಾತ್ರಿ ಮಗಳ ಕಾಲಿಗೆ ತಿಕ್ಕುತ್ತಿದ್ದರು...

ಮನೆಯತ್ತ ಓಡಿದೆ. ಪಡಸಾಲೆಯಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು. ಪಕ್ಕದ ಮಂಚದಲ್ಲಿ ಕಾವ್ಯ ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

"ಮಾಮ..." ಪಿಸುಗುಟ್ಟಿದಳು. "ಅಲ್ಲಿ ಯಾರು ಕುಣೀತಿರೋದು?"

"ಯಾರೂ ಇಲ್ಲ ಪುಟ್ಟಿ. ನಾನೇ ಟೆಸ್ಟ್ ಮಾಡ್ತಿದ್ದೆ."

ಮತ್ತೆ ಗೋಡೌನಿಗೆ ಹೋಗುವ ಧೈರ್ಯ ಬರಲಿಲ್ಲ. ಜಗಲಿಯ ಮೇಲೆ ಕೂತೇ ಇದ್ದೆ. ಬೆಳಗಿನ ಜಾವ ಯಾವಾಗಲೋ ಜೊಂಪು ಹತ್ತಿತು.

ಎಚ್ಚರವಾದದ್ದು ಹಾಡಿನ ಸದ್ದಿಗೆ. ಬೆಳಗಾಗಿತ್ತು, ಕರೆಂಟ್ ಇನ್ನೂ ಹೋಗಿರಲಿಲ್ಲ. ನಾನು ಏಳುವ ಮೊದಲೇ ಚನ್ನಬಸಪ್ಪನವರು ಮಗಳನ್ನು ಎತ್ತಿಕೊಂಡು ಹೋಗಿ, ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಿಸಿದ್ದರು. ಪರದೆಯ ಮೇಲೆ ಎಡಬಾಣ ಹತ್ತುತ್ತಿತ್ತು, ಆರುತ್ತಿತ್ತು. ಅವರ ಕಣ್ಣಲ್ಲಿ ಧಾರಾಕಾರ ನೀರು.

"ನೋಡ್ರಿ ಮೇಷ್ಟ್ರೇ! ತುಳೀತಾವ್ಳೆ ಕಣ್ರೀ ನನ್ ಮಗ್ಳು!"

ಕತ್ತರಿಸಿದ ತಂತಿ ನಾನು ಬಿಟ್ಟ ಹಾಗೇ ನೇತಾಡುತ್ತಿತ್ತು. ಕಾವ್ಯಳ ಎಡಪಾದ ಹಲಗೆಗಿಂತ ಒಂದು ಅಂಗುಲ ಮೇಲಿತ್ತು. ಅವರು ನೋಡುತ್ತಿದ್ದದ್ದು ಪರದೆಯನ್ನು, ಕಾಲನ್ನಲ್ಲ.

ಆಗಲೇ ಹೇಳಬೇಕಿತ್ತು. ಆ ಮುಖ ನೋಡಿ, "ಹೌದು ಚನ್ನಬಸಪ್ಪನೋರೇ, ತುಳೀತಿದ್ದಾಳೆ" ಎಂದುಬಿಟ್ಟೆ.

ಮೆಷಿನ್ನಿಗೆ ಒಡೆಯಲು ತೆಂಗಿನಕಾಯಿ ತರುತ್ತೇನೆಂದು ಅವರು ಓಡಿದರು. ಕಾವ್ಯ ನನ್ನ ತೋಳು ಜಗ್ಗಿದಳು.

"ನಂಗೆ ಕಾಲು ಮುಟ್ಸೋಕೂ ಆಗ್ತಿಲ್ಲ ಮಾಮ. ಅಪ್ಪಂಗೆ ಹೇಳ್ಬೇಡಿ... ನಗ್ತಾವ್ರೆ."

ಆ ವಾರ ಅವರು ಬೆಂಗಳೂರಿಗೆ ಹೋಗಲಿಲ್ಲ. "ಕಾಲು ತಾನಾಗೇ ಬತ್ತಾ ಐತೆ, ಮಗೀನ ಯಾಕೆ ಕುಯ್ಸಾನ?" ಎಂದರು. ಡಾಕ್ಟರು ಕೊಟ್ಟ ದಿನ ದಾಟಿತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ನಾನು ದಿನ ತಳ್ಳಿದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ. ದೀಪಾವಳಿಯ ಹೊತ್ತಿಗೆ ಆ ಹೆಬ್ಬೆರಳೂ ನಿಂತುಹೋಗಿದೆ ಎಂದು ಯಾರೋ ಹೇಳಿದರು. ತಡವಾದದ್ದರಿಂದ ನಿಂತಿತೋ, ಅಥವಾ ಆ ಹೆಜ್ಜೆಗಳು ಅವಳಲ್ಲಿ ಉಳಿದದ್ದನ್ನೂ ಎಳೆದುಕೊಂಡವೋ... ಎರಡನೆಯದನ್ನು ಯೋಚಿಸಿದರೆ ಈಗಲೂ ರಾತ್ರಿ ಎದ್ದು ಲೈಟು ಹಾಕಿ ಕೂರುತ್ತೇನೆ.

ಕೊನೆಗೂ ಮನಸ್ಸು ಗಟ್ಟಿ ಮಾಡಿಕೊಂಡು ಒಂದು ರಾತ್ರಿ ಕಣಕಟ್ಟೆಗೆ ಹೋದೆ. ಊರಿಗೆ ಊರೇ ಕತ್ತಲು, ಕರೆಂಟ್ ಇರಲಿಲ್ಲ. ಗೋಡೌನಿನಲ್ಲಿ ಚನ್ನಬಸಪ್ಪನವರು ಮೇಣದಬತ್ತಿ ಹಚ್ಚಿಕೊಂಡು, ಸತ್ತ ಪರದೆಯ ಎದುರು ಒಬ್ಬರೇ ಕೂತಿದ್ದರು. ಕುರ್ಚಿ ಖಾಲಿಯಿತ್ತು.

ಎಲ್ಲವನ್ನೂ ಹೇಳಿದೆ. ತಂತಿ ಕತ್ತರಿಸಿದ್ದು, ಕಾಲು ಮುಟ್ಟದೇ ಇದ್ದದ್ದು, ನಾನು ಸುಳ್ಳಾಡಿದ್ದು. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವರು ತುಟಿಯ ಮೇಲೆ ಬೆರಳಿಟ್ಟರು.

"ಶ್... ಕುಂತ್ಕಳಿ ಮೇಷ್ಟ್ರೇ. ನನ್ ಮಗ್ಳು ಕುಣಿಯಾಕ್ ಬರೋ ಹೊತ್ತು."

ಟಪ್... ಟಪ್...

ಅವರ ಮುಖ ಅರಳಿತು. ಕತ್ತಲಲ್ಲಿ ಹಲಗೆಗಳು ತಗ್ಗಿ ಏಳುತ್ತಿದ್ದವು. ಅದು ಯಾರ ಹೆಜ್ಜೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಮನೆಯೊಳಗಿನಿಂದ ಕಾವ್ಯಳ ದನಿ ಬಂತು. "ಅಪ್ಪಾ... ನೀರು..."

ಅವರು ತಿರುಗಿಯೂ ನೋಡಲಿಲ್ಲ. ಮತ್ತೆ ಕೂಗಿದಳು. ಅವರು ಹಲಗೆಗಳನ್ನೇ ನೋಡುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ನಾನೇ ಎದ್ದು ಹೋಗಿ ಅವಳ ತಲೆ ಎತ್ತಿ ಹಿಡಿದು ನೀರು ಕುಡಿಸಿದೆ.

"ಅಪ್ಪ ಬರಲ್ವಾ ಮಾಮ?"

"ಬರ್ತಾರೆ ಪುಟ್ಟಿ" ಎಂದೆ. ಬೆಳಗಾಗುವವರೆಗೂ ಅವಳ ಪಕ್ಕದಲ್ಲೇ ಕೂತಿದ್ದೆ. ಅವರು ಬರಲಿಲ್ಲ.