ಪೋಸ್ಟರ್ ಬರೆಯುವ ನಮ್ಮ ವೇಣಿ

ನಮ್ಮ ವೇಣಿ ಚಿತ್ರ ಬರೆದದ್ದಕ್ಕಿಂತ ಹಿಂದಕ್ಕೆ ನಡೆದದ್ದೇ ಹೆಚ್ಚು. ಗೋಡೆಗೆ ಕಾಗದ ಅಂಟಿಸಿ ಎರಡು ಗೆರೆ ಎಳೆಯುವುದು, ಒಂದು ಕಣ್ಣು ಮುಚ್ಚಿಕೊಂಡು ಅಂಗಳದುದ್ದಕ್ಕೂ ಹಿಂದೆ ಹಿಂದೆ ಹೋಗುವುದು, ಮತ್ತೆ ಓಡಿ ಬಂದು ಇನ್ನೊಂದು ಗೆರೆ. ಒಂದು ಸಲ ಹಾಗೆ ಹೋಗಿ ತಿಪ್ಪೆಯಲ್ಲಿ ಕೂತುಬಿಟ್ಟಳು. ನಾನು ಗಾಬರಿಯಾಗಿ ಓಡಿದರೆ, "ಇರು ತಾತ, ಇಲ್ಲಿಂದ ಚೆನ್ನಾಗಿ ಕಾಣ್ತದೆ" ಎಂದು ಅಲ್ಲೇ ಕೂತು ನೋಡುತ್ತಿದ್ದಳು.

ಬೈರಕೂರಿನ ಪಕ್ಕದಲ್ಲಿ ನಮ್ಮ ಮನೆ. ತರಕಾರಿ, ರಾಗಿ, ಒಂದಿಷ್ಟು ಹಿಪ್ಪುನೇರಳೆ ಬೆಳೆದು ಬದುಕಿದವನು ನಾನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೆ, ಈಗಲೂ ಅಕ್ಷರ ಕೂಡಿಸಿಕೊಂಡೇ ಓದುತ್ತೇನೆ. ಮಗ ಕೃಷ್ಣಪ್ಪ ಮಾತ್ರ ಚೆನ್ನಾಗಿ ಓದಿ ಮುಳಬಾಗಿಲಿನಲ್ಲಿ ಮೇಷ್ಟ್ರಾದ. ವೇಣಿ ಅವನ ಒಬ್ಬಳೇ ಮಗಳು. ಬೆಂಗಳೂರಿನಲ್ಲಿ ಚಿತ್ರದ ಕಾಲೇಜು ಸೇರುತ್ತೇನೆ ಎಂದು ಅವಳು ಹಟ ಹಿಡಿದಾಗ ಎಂಬತ್ತರ ಇಸವಿ ಆಗಷ್ಟೇ ದಾಟಿತ್ತು. ಟಿ.ಸಿ.ಎಚ್. ಮಾಡಿಸಿ ಅವಳನ್ನೂ ಮೇಷ್ಟ್ರು ಮಾಡಬೇಕೆಂದಿದ್ದ ಕೃಷ್ಣಪ್ಪ ನನ್ನ ಮಾತಿಗೆ ಕಟ್ಟುಬಿದ್ದು ಒಪ್ಪಿದ. ಒಪ್ಪಿದ ಅಷ್ಟೆ. ಸಮಾಧಾನ ಇರಲಿಲ್ಲ.

ರಜೆ ಸಿಕ್ಕಾಗಲೆಲ್ಲ ಅವಳು ನಮ್ಮ ಮನೆಗೆ ಬಂದು, ಸುತ್ತಮುತ್ತಲ ನಾಟಕದವರಿಗೆ ಪೋಸ್ಟರ್ ಮಾಡಿಕೊಡುತ್ತಿದ್ದಳು. ಮರದ ಚೌಕಟ್ಟಿಗೆ ತೆಳ್ಳನೆಯ ಬಟ್ಟೆ ಬಿಗಿದು, ಅದರ ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಲ್ಲಿ ಎಳೆದರೆ ಕೆಳಗಿನ ಕಾಗದಕ್ಕೆ ಚಿತ್ರ ಇಳಿಯುತ್ತಿತ್ತು. ರೇಷ್ಮೆಹುಳು ಗೂಡು ಕಟ್ಟುವ ನಮ್ಮ ಬಿದಿರಿನ ಚಂದ್ರಿಕೆಗಳನ್ನು ಸೂರಿನ ಕೆಳಗೆ ಸಾಲಾಗಿ ಒರಗಿಸಿ, ಹಸಿ ಕಾಗದಗಳನ್ನು ಅವಕ್ಕೆ ಸಿಕ್ಕಿಸುತ್ತಿದ್ದಳು. "ಹುಳ ಎಲ್ಲಿ ಬಿಡ್ಲೇ ತಾಯಿ, ನಿನ್ ರಾಜರ ತಲೆ ಮೇಲಾ?" ಎಂದು ನನ್ನ ಹೆಂಡತಿ ಬೈದುಕೊಂಡೇ ಕಾಗದ ಎತ್ತಿಕೊಡುತ್ತಿದ್ದಳು.

ನನ್ನ ಕೆಲಸ ಹುಣಸೆಮರದ ಬುಡದಲ್ಲಿ ನಿಲ್ಲುವುದು. ಅಲ್ಲಿಂದ ನೋಡಿ ಏನು ಕಂಡಿತು ಎಂದು ಹೇಳಬೇಕು. ನಾನು ಕಣ್ಣು ಕಿರಿದು ಮಾಡಿ ಅಕ್ಷರ ಕೂಡಿಸಲು ಹೊರಟರೆ, "ಓದಬೇಡ ತಾತ, ನೋಡು" ಎಂದು ಕೂಗುತ್ತಿದ್ದಳು. ಓದು ಬರದಿದ್ದಕ್ಕೆ ನನ್ನ ಜೀವಮಾನದಲ್ಲಿ ಮರ್ಯಾದೆ ಸಿಕ್ಕಿದ್ದು ಅದೊಂದು ಕಡೆ.

ಮೊದಲು ಮಾಲೂರಿನ ಒಂದು ನಾಟಕ. ಕಣ್ಣಿದ್ದೂ ತನ್ನ ಊರಿನ ಕಷ್ಟ ಕಾಣದ ರಾಜನ ಕಥೆ. ವೇಣಿ ಕಪ್ಪು ಕಾಗದದ ತುಂಬ ಒಂದೇ ಒಂದು ಕಣ್ಣು ಬರೆದಳು, ಮೂಲೆಯಲ್ಲಿ ಇರುವೆ ಸಾಲಿನಂತೆ ಅಕ್ಷರ. ಕಾಲೇಜಿನಲ್ಲಿ ಭಾರಿ ಹೊಗಳಿದರಂತೆ. ನಾಟಕದ ದಿನ ಬೆಳಿಗ್ಗೆಯೇ ಶಾಲೆಯ ಬಯಲಿಗೆ ಮುದುಕರು ಮುದುಕಿಯರು ಬಂದು ಕೂತರು. ಚಾಪೆ, ಚೆಂಬು, ಬುತ್ತಿ ಗಂಟು, ಜೊತೆಗೊಬ್ಬರು ಮಕ್ಕಳೋ ಸೊಸೆಯೋ. ಪುಕ್ಕಟೆ ಕಣ್ಣಾಪರೇಷನ್ ಕ್ಯಾಂಪು ಎಂದುಕೊಂಡಿದ್ದರು. ಬಿಳಿ ಅಂಗಿ ತೊಟ್ಟಿದ್ದ ನಾಟಕದ ಮೇಷ್ಟ್ರ ಕೈ ಹಿಡಿದು ಒಬ್ಬ ಅಜ್ಜಿ, "ಡಾಕ್ಟ್ರೇ, ಮೊದ್ಲು ನಂದು ನೋಡಿಬಿಡಪ್ಪಾ, ಬಸ್ಸು ತಪ್ತದೆ" ಎಂದಳು. ವೇಣಿ ಒಬ್ಬೊಬ್ಬರ ಹತ್ತಿರವೂ ಹೋಗಿ ಕೈ ಮುಗಿದು, ಟೀ ಕೊಡಿಸಿ, ವಿಷಯ ಹೇಳಿದಳು. ಆ ಅಜ್ಜಿ ಮಾತ್ರ ಏಳಲಿಲ್ಲ. "ಬಂದಿದ್ದಾಯ್ತಲ್ಲ ಕಣವ್ವಾ, ನಾಟಕಾನಾದ್ರೂ ಕೇಳಿಸ್ಕೊಂಡು ಹೋಗ್ತೀನಿ" ಎಂದಳು.

ಕೃಷ್ಣಪ್ಪನಿಗೆ ಸುದ್ದಿ ಮುಟ್ಟಿತು. "ಕಣ್ಣಾಸ್ಪತ್ರೆ ಬೋರ್ಡು ಬರೆಯೋಕೆ ಬೆಂಗಳೂರಿಗೆ ಹೋಗ್ಬೇಕಾಗಿತ್ತಾ?" ಎಂದ. 

ಆಮೇಲೆ ಶ್ರೀನಿವಾಸಪುರದ ನಾಟಕ, ಮಾವಿನ ಕಾಲ. ಅಮ್ಮನವರ ಕಥೆ. ಈ ಸಲ ಯಾರಿಗೂ ತಪ್ಪು ತಿಳಿಯಬಾರದೆಂದು ಅಮ್ಮನ ಮುಖವನ್ನೇ ತುಂಬ ಬರೆದಳು. ಏನು ಕಳೆ ಅಂತೀರಿ, ನನಗೇ ಕೈ ಮುಗಿಯುವ ಹಾಗಾಯಿತು. ಮಾವಿನ ಮಂಡಿ ಗೋಡೆಗೆ ಅಂಟಿಸಿ ಬಂದೆವು. ಮಾರನೆಯ ದಿನವೇ ಮೂಟೆ ಹೊರುವವರು ಅರಿಶಿನ ಕುಂಕುಮ ಹಚ್ಚಿ, ಹೂವು ಸಿಕ್ಕಿಸಿ, ಊದುಬತ್ತಿ ಹಚ್ಚಿಟ್ಟರು. ನಾಟಕ ಯಾವತ್ತು, ಎಲ್ಲಿ ಎಂಬುದೆಲ್ಲ ಕುಂಕುಮದ ಕೆಳಗೆ ಹೋಯಿತು. ಜನ ಚಪ್ಪಲಿ ಬಿಟ್ಟು ಗೋಡೆಗೆ ಕೈ ಮುಗಿದು ಮನೆಗೆ ಹೋದರು, ನಾಟಕದ ಬಯಲು ಮುಕ್ಕಾಲು ಖಾಲಿ. ನಾನು ಹಿಗ್ಗಿ, "ನೋಡಮ್ಮ, ನಿನ್ ಚಿತ್ರಕ್ಕೆ ಪೂಜೆ ಮಾಡ್ತಾವ್ರೆ" ಎಂದೆ.

"ಅವ್ರು ಅಮ್ಮನ್ನ ನೋಡಿದ್ರು ತಾತ. ಕ್ಯಾಲೆಂಡರ್ ಅಂಟಿಸಿದ್ರೂ ಹಿಂಗೇ ನೋಡೋರು" ಎಂದಳು.

ಕೃಷ್ಣಪ್ಪ ಈಗ ಗಟ್ಟಿಯಾಗಿ ಹೇಳಿಬಿಟ್ಟ. "ಮುಳಬಾಗಿಲು ನಾಟಕದೋರಿಗೆ ಒಪ್ಕೊಂಡಿದ್ದೀಯ, ಅದೊಂದು ಮುಗಿಸು. ಆಮೇಲೆ ಬೆಂಗಳೂರಿಂದ ಟ್ರಂಕು ತಂದುಬಿಡ್ತೀನಿ. ಟಿ.ಸಿ.ಎಚ್.ಗೆ ಸೇರ್ಕೋ. ನಮ್ಮೂರಿನ ಜನಕ್ಕೇ ಅರ್ಥವಾಗದ್ದನ್ನ ಓದಿ ಏನ್ಮಾಡ್ತೀಯ?" ನಾನು ಬಾಯಿ ತೆರೆದರೆ, "ಅಪ್ಪಾ, ನಿನ್ ಮಾತು ಒಂದ್ಸಲ ಕೇಳಿದ್ದೀನಿ" ಎಂದ.

ಮುಳಬಾಗಿಲಿನ ನಾಟಕ ನೀರು ಹೊತ್ತು ಸಾಕಾಗಿ ಒಂದು ದಿನ ಮನೆ ಬಿಟ್ಟು ಹೊರಟ ಸೊಸೆಯದು. ವೇಣಿ ಬರೆದಳು, ಹರಿದಳು. ಅಳುವ ಮುಖ ಬರೆದು ಹರಿದಳು, ಬಾವಿ ಬರೆದು ಹರಿದಳು. ಬೆಳಿಗ್ಗೆ ಹೆಂಗಸರ ಜೊತೆ ಬೋರ್‌ವೆಲ್ ಹತ್ತಿರ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಕಾಗದಕ್ಕೆ ಮುಚ್ಚಿದ್ದ ಬಟ್ಟೆ ತೆಗೆದಳು. ಖಾಲಿ ದಾರಿ. ಮಧ್ಯೆ ಉರುಳಿ ಬಿದ್ದ ಬಿಂದಿಗೆ. ಪಕ್ಕದಲ್ಲಿ ತಲೆ ಮೇಲಿಡುವ ಬಟ್ಟೆಯ ಸಿಂಬೆ. ಬೇರೇನೂ ಇಲ್ಲ.

"ಎಲ್ಲೋದ್ಲು ಆ ಹುಡುಗಿ?" ಎಂದೆ.

ಚಿತ್ರದಲ್ಲಿ ಹುಡುಗಿಯೇ ಇರಲಿಲ್ಲ. ವೇಣಿ ಬಣ್ಣ ಕಲಸಲು ಕೂತಳು. ಅವಳಿಗೆ ಬೇಕಾಗಿದ್ದ ಪ್ರಶ್ನೆ ಅದೇ ಎಂದು ಅವಳ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಮುಳಬಾಗಿಲು ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸುವಾಗ ಕೃಷ್ಣಪ್ಪನೂ ಬಂದಿದ್ದ, ಇವಳ ಕೊನೆಯ ಪೋಸ್ಟರು ಎಂದು. ಅಂಟು ಆರುವ ಮೊದಲೇ ಹೆಂಗಸರು ಸೇರಿದರು. "ಬಾವಿಗೆ ಬಿದ್ಲೇನೋ ಪಾಪ." "ಥೂ, ಬಿಡ್ತು ಅನ್ನು. ತವರಿಗೆ ಹೋಗವ್ಳೆ ಕಣೇ." "ತವರಿಗೆ ಹೋಗೋಳು ಬಿಂದಿಗೆ ಮನೇಲಿಟ್ಟು ಹೋಗಲ್ವಾ?" ಸೊಪ್ಪಿನ ಬುಟ್ಟಿಯವಳೊಬ್ಬಳು ಕೃಷ್ಣಪ್ಪನ ಕಡೆಗೇ ತಿರುಗಿ, "ಆ ಪಿಲ್ಲ ಎಕ್ಕಡ ಪೋಯಿಂದಿ ಸಾಮಿ?" ಎಂದು ನಾನು ಕೇಳಿದ್ದನ್ನೇ ತೆಲುಗಿನಲ್ಲಿ ಕೇಳಿದಳು. ಅವನು ಗೋಡೆ ನೋಡಿದ, ಹೆಂಗಸರನ್ನು ನೋಡಿದ. "ಶನಿವಾರ ನಾಟಕ ಐತೆ, ಬಂದು ನೋಡ್ರಮ್ಮ" ಎಂದ. ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನೂ ತಾನೇ ಹೇಳಿದ. ಬಂದವರಿಗೆಲ್ಲ ಹೇಳುತ್ತ ಅಲ್ಲೇ ನಿಂತ.

ಶನಿವಾರ ಬಯಲು ತುಂಬಿ ಜನ ಕಾಂಪೌಂಡಿನ ಮೇಲೆ ಹತ್ತಿ ಕೂತಿದ್ದರು. ಬಿಂದಿಗೆ ಉರುಳಿದ ಕ್ಷಣ ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಬಂತು. ನಾನು ಆಟ ನೋಡಲಿಲ್ಲ, ನನ್ನ ಮಗನ ಮುಖ ನೋಡಿದೆ.

ಮರುದಿನ ಊಟಕ್ಕೆ ಕೂತಾಗ ಕೃಷ್ಣಪ್ಪ ಮುದ್ದೆ ಮುರಿಯುತ್ತ, "ಸೋಮವಾರ ಮೊದಲ ಬಸ್ಸಿಗೇ ಹೋಗು ವೇಣಿ. ಕಾಲೇಜಿಗೆ ತಡ ಆಗ್ತದೆ" ಎಂದ. ಟ್ರಂಕಿನ ಮಾತು ಯಾರೂ ಎತ್ತಲಿಲ್ಲ. ನನ್ನ ಹೆಂಡತಿ ಕೇಳದೆಯೇ ಎಲ್ಲರ ಮುದ್ದೆಗೂ ಇನ್ನೊಂದು ಸುತ್ತು ತುಪ್ಪ ಬಿಟ್ಟಳು.

ಈಗ ವೇಣಿ ಓದು ಮುಗಿಸಿ ಒಂದು ನಾಟಕ ತಂಡದ ಜೊತೆ ಊರೂರು ತಿರುಗುತ್ತಾಳೆ. ಹಬ್ಬಕ್ಕೆ ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ. ನನಗೆ ಬೇಸರವಿಲ್ಲ. ನೆನಪಾದಾಗಲೆಲ್ಲ ಆ ಸೋಮವಾರವೇ ಕಣ್ಣಿಗೆ ಬರುತ್ತದೆ. ಅವಳು ಬಸ್ಸು ಹತ್ತಿ ಕಿಟಕಿಯಲ್ಲಿ ಕೈ ಬೀಸಿದಳು, ಬಸ್ಸು ಹೋಯಿತು. ನಾನು ಪೋಸ್ಟರ್ ಅಂಟಿಸಿದ್ದ ಆ ಬಸ್ ಸ್ಟ್ಯಾಂಡ್ ಗೋಡೆಯ ಮುಂದೆ ನಿಂತೇ ಇದ್ದೆ. ಪುಂಗನೂರಿನ ಕಡೆ ಹೋಗುವ ರೈತನೊಬ್ಬ ಪಕ್ಕಕ್ಕೆ ಬಂದು, "ಏನ್ ತಾತ ಇದು, ಬಿಂದಿಗೆ ಹಿಂಗೆ ಬಿದ್ದೈತಲ್ಲ, ಆಯಮ್ಮ ಎಲ್ಲಿ?" ಎಂದ. ನಾಟಕ ಮುಗಿದುಹೋಗಿತ್ತು. ಆದರೂ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಮೊದಲಿಂದ ಕಥೆ ಹೇಳಿದೆ, ಇದನ್ನು ಬರೆದವಳು ಯಾರ ಮೊಮ್ಮಗಳು ಎಂಬುದನ್ನೂ ಹೇಳಿದೆ. ಅವನ ಬಸ್ಸು ತಪ್ಪಿತು.