ಒದ್ದೆ ನಾರಿನ ವಾಸನೆ

ಮೊಮ್ಮಗಳ ಆಮೆಮರಿ ಹೊರದೇಶದ ತಳಿಯದು. ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ, ಒದ್ದೆ ತೆಂಗಿನ ನಾರಿನ ಮೇಲೆ, ಬಿಸಿ ಬಲ್ಬಿನ ಕೆಳಗೆ ಇತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅವಳು ಕಾಲೇಜಿನವರ ಜೊತೆ ಪ್ರವಾಸ ಹೊರಟಳು. "ಅಜ್ಜಿ, ಬಲ್ಬ್ ಆರಿಸ್ಬೇಡ, ನಾರು ಒಣಗಕ್ಕೆ ಬಿಡ್ಬೇಡ. ಚಳಿ ಆದ್ರೆ, ತೇವ ಹೋದ್ರೆ ಅದು ತಡ್ಕೊಳಲ್ಲ," ಎಂದಳು. ಹೂಂ ಅಂದೆ.

ಸಂಜೆ ಪಕ್ಕದ ಮನೆಯಾಕೆ ಮಾವಿನೆಲೆ ಕೊಡಲು ಬಂದು ಮೂಗು ಸಿಂಡರಿಸಿದಳು. "ಏನ್ರೀ, ಲಕ್ಷ್ಮಿ ಕೂರಿಸೋ ಜಾಗದಲ್ಲಿ ಒದ್ದೆ ಗೋಣಿಚೀಲದ ವಾಸ್ನೆ? ತಾಯಿ ಬಾಗಿಲಿಂದ್ಲೇ ವಾಪಸ್ ಹೋಗ್ಬುಡ್ತಾಳೆ ಕಣ್ರೀ."

ಅವಳು ಹೋದ ಮೇಲೆ ನಾರನ್ನೆಲ್ಲ ತಾರಸಿಯಲ್ಲಿ ಹರವಿದೆ. ಪೆಟ್ಟಿಗೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಬಲ್ಬ್ ಆರಿಸಿ, ಮೇಲೆ ಹಳೇ ಸೀರೆ ಹೊದಿಸಿದೆ. ಮರುದಿನ ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಮನೆ ಎಷ್ಟು ಚೊಕ್ಕಟ ಎಂದರು. ನಾನು ಉಬ್ಬಿದೆ.

ಅದರ ಮರುದಿನ ಮೊಮ್ಮಗಳು ಬಂದು ಸೀರೆ ತೆಗೆದಾಗ ಆಮೆ ಕಣ್ಣು ಮುಚ್ಚಿ ಕಲ್ಲಿನಂತೆ ಬಿದ್ದಿತ್ತು.

"ನಾರು ಯಾರು ತೆಗೆದಿದ್ದು?"

"ನಾನೇ. ವಾಸನೆ ಬರ್ತಿತ್ತು."

ಅವಳು ಬಲ್ಬ್ ಹೊತ್ತಿಸಿದಳು. ಆಮೆಯನ್ನು ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿಟ್ಟು ಪಕ್ಕದಲ್ಲೇ ಕುಳಿತಳು. ಬಹಳ ಹೊತ್ತಾದ ಮೇಲೆ ಅದು ಕಣ್ಣು ಬಿಟ್ಟಿತು. ಆಗಲೂ ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಅವಳು ಪೆಟ್ಟಿಗೆಯನ್ನು ತನ್ನ ರೂಮಿಗೆ ಎಳೆದುಕೊಂಡು ಹೊರಟಳು.

"ನಡುಮನೇಲೇ ಇರ್ಲಿ ಕಣೆ," ಎಂದೆ.

"ಬೇಡಜ್ಜಿ. ಹಬ್ಬಗಳು ಬರ್ತಾನೇ ಇರ್ತವೆ."

ಈಗ ನಡುಮನೆಯಲ್ಲಿ ಯಾವ ವಾಸನೆಯೂ ಇಲ್ಲ. ಆಮೆಯನ್ನು ನೋಡಬೇಕೆಂದರೆ ನಾನು ಅವಳ ಬಾಗಿಲು ತಟ್ಟಿ, ಒಳಗೆ ಬರಲೇ ಎಂದು ಕೇಳಬೇಕು.