ಎರಡು ಕುದುರೆ, ಅವೇ ಚುಕ್ಕೆಗಳು

ನಮ್ಮ ನೆಂಟರು ಈ ಕಥೆಯನ್ನು ಹೇಳುವುದು ಹೀಗೆ: ಅಕ್ಕತಂಗಿಯರ ಮಕ್ಕಳು, ರಕ್ತ ಒಂದೇ, ಮನಸ್ಸೂ ಒಂದೇ, ಅದಕ್ಕೇ ಇಬ್ಬರ ಕೈಯಲ್ಲೂ ಒಂದೇ ಕುದುರೆ ಬಂತು. ಈ ವಾದ ನಿಲ್ಲುವುದಿಲ್ಲ. ಮನಸ್ಸು ಒಂದೇ ಆಗಿದ್ದರೆ ಹರಿಣಿಗೂ ನನ್ನ ಮೇಲೆ ಹೊಟ್ಟೆಕಿಚ್ಚು ಇರಬೇಕಿತ್ತು. ಇರಲಿಲ್ಲ. ಆ ವ್ಯವಹಾರ ಪೂರ್ತಿ ನನ್ನೊಬ್ಬಳದೇ.

ಇಂಥದ್ದನ್ನೆಲ್ಲ ನಾನು ನಂಬುವವಳೂ ಅಲ್ಲ. ದೆವ್ವ, ಶಕುನಗಳ ವಿರುದ್ಧ ಮಾತಾಡಿ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದವಳು. ಹಾಗಾಗಿ ನಡೆದದ್ದನ್ನಷ್ಟೇ ಹೇಳುತ್ತೇನೆ. ತಪ್ಪೆಲ್ಲಿದೆಯೆಂದು ನೀವೇ ಹುಡುಕಿ.

ನಮ್ಮ ಮನೆ ವೇಲಚೇರಿಯಲ್ಲಿ, ದೊಡ್ಡಮ್ಮನ ಮಗಳು ಹರಿಣಿಯದು ಅಣ್ಣಾ ನಗರ್‌ನಲ್ಲಿ. ಶನಿವಾರಗಳಂದು ಅವಳ ಮನೆ ಹತ್ತಿರದ ವಯಸ್ಸಾದ ಮೇಷ್ಟ್ರೊಬ್ಬರಲ್ಲಿ ಇಬ್ಬರೂ ಚಿತ್ರ ಕಲಿಯುತ್ತಿದ್ದೆವು. ಅವರ ಗುರುಗಳಿಂದ ಬಂದ ತೆಳು ಹಾಳೆಗಳ ಕಟ್ಟೊಂದಿತ್ತು. ಹಳೆಯ ಚಿತ್ರಗಳ ಗೆರೆಗುಂಟ ಸೂಜಿಯಿಂದ ಚುಚ್ಚಿದ ಹಾಳೆಗಳು. ಮೇಲಿಂದ ಇದ್ದಿಲ ಪುಡಿ ತಟ್ಟಿದರೆ ಹಲಗೆಯ ಮೇಲೆ ಚಿತ್ರ ಇಳಿಯುತ್ತದೆ. ಪಾಠ ನಿಲ್ಲಿಸುವ ಮೊದಲು ಆ ಕಟ್ಟನ್ನು ನಮ್ಮಿಬ್ಬರಲ್ಲಿ ಒಬ್ಬರಿಗೆ ಕೊಡಬೇಕೆಂದಿದ್ದರು. ಅದು ನನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಹರಿಣಿಗೆ ಸಿಗಬಾರದಿತ್ತು. ನಾನು ಹತ್ತು ಸಲ ಅಳಿಸಿ ಬರೆಯುವುದನ್ನು ಅವಳು ಹಾಡು ಗುನುಗುತ್ತ ಮುಗಿಸುತ್ತಿದ್ದಳು.

ಅದು ಯಾರಿಗೆಂದು ನೋಡುವ ಪರೀಕ್ಷೆಗೆ ಕೊಟ್ಟದ್ದು ದರ್ಬಾರಿನ ಚಿತ್ರವೊಂದರ ಬಿಳಿ ಕುದುರೆ. "ಗೆರೆ ಗುರುಗಳದ್ದು, ಚುಕ್ಕೆ ನಿಮ್ಮದು," ಎಂದರು ಮೇಷ್ಟ್ರು. "ಹಿಂದಿನವರೂ ಹಾಗೇ. ಒಂದೇ ಕುದುರೆ, ಒಬ್ಬೊಬ್ಬರು ಒಂದೊಂದು ಥರ ಚುಕ್ಕೆ. ಕಾಪಿ ಹೊಡೆದ್ರೆ ಕಟ್ಟು ಇಲ್ಲಮ್ಮ."

ನಾನಿಟ್ಟ ಚುಕ್ಕೆಗಳೆಲ್ಲ ಸೀರೆಯ ಬುಟ್ಟಾಗಳಂತೆ ಸಾಲಾಗಿ ಕೂರುತ್ತಿದ್ದವು. ಕೊನೆಗೆ ಶುಕ್ರವಾರ ಮಧ್ಯಾಹ್ನ ಅಮ್ಮನ ಒಗ್ಗರಣೆ ಡಬ್ಬಿಯಿಂದ ಒಂದು ಚಿಟಿಕೆ ಸಾಸಿವೆ ತೆಗೆದು ಹಲಗೆಯ ಮೇಲೆ ಎರಚಿದೆ. "ಕುದುರೆಗೇನೇ ಒಗ್ಗರಣೆ ಹಾಕ್ತಿದೀಯಾ?" ಎಂದು ಅಮ್ಮ ನಕ್ಕಳು. ಕಾಳು ನಿಂತಲ್ಲೆಲ್ಲ ಗುರುತು ಮಾಡಿ ಕಂದು ಬಣ್ಣ ತುಂಬಿದೆ. ಕುದುರೆ ಮೊದಲ ಸಲ ಉಸಿರಾಡುವಂತೆ ಕಂಡಿತು.

ಹರಿಣಿ ತನ್ನದನ್ನು ಬುಧವಾರವೇ ಕೊಟ್ಟುಬಂದಿದ್ದಳು. ಮೇಷ್ಟ್ರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಶನಿವಾರ ಮೇಷ್ಟ್ರು ಎರಡು ಹಲಗೆಗಳನ್ನೂ ಪಕ್ಕಪಕ್ಕ ಇಟ್ಟರು. ಬೆಣ್ಣೆ ಕಾಗದದ ಮೇಲೆ ನನ್ನ ಚುಕ್ಕೆಗಳನ್ನು ಗುರುತಿಸಿ ಹರಿಣಿಯ ಕುದುರೆಯ ಮೇಲಿಟ್ಟರು. ಒಂದೂ ಆಚೀಚೆ ಇರಲಿಲ್ಲ. ಹೊಟ್ಟೆಯ ಕೆಳಭಾಗದಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ಮೂರು ಕೂಡ.

"ಯಾರಮ್ಮ ಯಾರದನ್ನ ನೋಡಿದ್ದು?"

ನನ್ನ ಚುಕ್ಕೆಗಳು ನಿನ್ನೆಯವು ಎಂದರೆ ಕಳ್ಳಿ ನಾನೇ ಆಗುತ್ತಿದ್ದೆ. ಸಾಸಿವೆ ಎಂದರೆ ಯಾರು ನಂಬುತ್ತಿದ್ದರು? ವಾದಗಳೆಲ್ಲ ನನಗೆ ಗೊತ್ತಿದ್ದವು. ಬಾಯಿ ಬಿಡಲಿಲ್ಲ.

"ನಾನೇ ಸಾರ್," ಎಂದಳು ಹರಿಣಿ. "ಅವಳದನ್ನ ನೋಡಿ ಹಾಕ್ಬಿಟ್ಟೆ."

ಕಟ್ಟು ನನಗೆ ಬಂತು. ಮೆಟ್ಟಿಲಿಳಿಯುವಾಗ ಅವಳು ನನ್ನ ಬೆನ್ನು ತಟ್ಟಿ, "ವಿಡು ಡೀ, ಬಿಡೇ, ಆಯ್ತಲ್ಲ," ಎಂದು ಸ್ಕೂಟರ್ ಹತ್ತಿ ಹೋದಳು. ಅಷ್ಟು ಸಲೀಸಾಗಿ ಬಿಟ್ಟುಕೊಡಲು ಬರುತ್ತದಲ್ಲ ಎಂದು ಅವತ್ತೂ ಹೊಟ್ಟೆ ಉರಿಯಿತು.

ನನ್ನನ್ನು ಉಳಿಸಲು ಸುಳ್ಳು ಹೇಳಿದಳು ಎಂದುಕೊಳ್ಳೋಣ. ಆದರೂ ಲೆಕ್ಕ ಕೂಡುವುದಿಲ್ಲ. ಚುಕ್ಕೆಗಳು ಅಲ್ಲಿದ್ದದ್ದು ಸುಳ್ಳಲ್ಲ. ಮೊನ್ನೆ ಫೋನಿನಲ್ಲಿ ಕೇಳಿಯೇಬಿಟ್ಟೆ.

"ಹರಿಣಿ, ನೀನು ಅದನ್ನ ಕೊಟ್ಟ ಬುಧವಾರ ನನ್ನ ಕುದುರೆ ಮೈಮೇಲೆ ಒಂದು ಚುಕ್ಕೆನೂ ಇರ್ಲಿಲ್ಲ ಕಣೇ. ನೀನು ನೋಡಿದ್ದಾದ್ರೂ ಏನನ್ನ?"